ಶಿವಪುರಕ್ಕೆ ಮತ್ತೊಂದು ದಾರಿ

ಮಂಗಳೂರಿನ ಕುದ್ರೋಳಿಯಲ್ಲಿ ಕುಳಿತು ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಕಾದಂಬರಿ ಓದುವ ಸುಖವೇ ಬೇರೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಗೋಕರ್ಣನಾಥ ಕ್ಷೇತ್ರದ ಊರಿದು. ನವರಾತ್ರಿಗೆ ಇಲ್ಲಿ ಶಾರದೆಯ ಜೊತೆ ನವದುರ್ಗೆಯರನ್ನೂ ಕೂರಿಸುತ್ತಾರೆ. ಹೀಗಾಗಿ ಕಾದಂಬರಿಯಲ್ಲಿ ಬರುವ, ತಾಯಿಯನ್ನು ನಂಬಿದ ಶಿವಪುರ ನಮಗೆ ಪರಸ್ಥಳವೆನಿಸುವುದಿಲ್ಲ.

ಶಿವಪುರ ಕಂಬಾರರ ಕಲ್ಪನೆಯ ಹಳೆಯ ಊರು. ಅವರ ನಾಟಕ, ಕಾವ್ಯ, ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1996ರ ‘ಚಕೋರಿ’ ಮಹಾಕಾವ್ಯದಲ್ಲಿ ಅದಕ್ಕೆ ಯಕ್ಷಿ, ಸಂಗೀತ, ಬೆಳದಿಂಗಳು ಸೇರಿದವು. ಆಮೇಲೆ ಬಂದ ‘ಶಿಖರಸೂರ್ಯ’ ಆ ಲೋಕದ ಒಂದು ಎಳೆಯನ್ನು ಹಿಡಿದು ಗದ್ಯದಲ್ಲಿ ಬಹುದೂರ ಹೋಗುತ್ತದೆ. ಗಿಡಮೂಲಿಕೆಯ ವಿದ್ಯೆ ಬಲ್ಲವನೊಬ್ಬ ಶಿವಪುರದಿಂದ ಕನಕಪುರಿಗೆ ಹೋಗಿ ಅಧಿಕಾರದ ರುಚಿ ಹತ್ತಿಸಿಕೊಳ್ಳುತ್ತಾನೆ. ವಿದ್ಯೆ ಅದೇ, ಆದರೆ ಅದರ ಹಿಂದಿನ ಆಸೆ ಬದಲಾಗುತ್ತದೆ. ಗುಣಪಡಿಸುವ ಕೈ ಆಳುವ ಕೈಯಾಗುವ ಈ ಭಾಗವೇ ನನಗೆ ಕಾದಂಬರಿಯ ಜೀವ; ನಿಧಾನವಾಗಿ ಓದಿದಷ್ಟೂ ಹೆದರಿಕೆ ಹುಟ್ಟಿಸುತ್ತದೆ.

ಪರಿಚಿತ ಲೋಕಕ್ಕೆ ಮರಳುವ ಖುಷಿ ನಮ್ಮ ಯಕ್ಷಗಾನ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತು. ಕರ್ಣ ಯಾರೆಂದು ತಿಳಿದೇ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಕಡೆ ಕಣ್ಣಿಟ್ಟು ಕೂರುತ್ತೇವೆ. ಅವನು ಇವತ್ತು ಏನು ಮಾತಾಡುತ್ತಾನೆ ಎಂಬುದಷ್ಟೇ ಕುತೂಹಲ. ಕಂಬಾರರು ಓದುಗರ ಇಂಥ ಕುತೂಹಲವನ್ನು ಪೋಲು ಮಾಡುವುದಿಲ್ಲ. ಹಳೆಯದನ್ನು ಮತ್ತೆ ಹೇಳದೆ, ಶಿವಪುರದ ಎದುರಿಗೆ ಕನಕಪುರಿಯನ್ನು ನಿಲ್ಲಿಸಿ ಎರಡನ್ನೂ ತೂಗುತ್ತಾರೆ.

‘ಚಕೋರಿ’ ಓದದವರೂ ಧಾರಾಳವಾಗಿ ಇದರಿಂದಲೇ ಶುರುಮಾಡಬಹುದು. ಆದರೆ ಸಾಧ್ಯವಾದರೆ ಮೊದಲು ಕಾವ್ಯ ಓದಿ, ಆಮೇಲೆ ಕಾದಂಬರಿಗೆ ಬನ್ನಿ.