14ನೇ ದಿನದ ಲೆಕ್ಕ

ಮಲೇರಿಯಾ ಚಿಕಿತ್ಸೆಯ ಮಾರ್ಗಸೂಚಿಯನ್ನು ಆರೋಗ್ಯ ಸಿಬ್ಬಂದಿ ಪಾಲಿಸುವುದಿಲ್ಲ, ಇನ್ನೊಂದು ಸುತ್ತು ತರಬೇತಿ ಕೊಟ್ಟರೆ ಸರಿಹೋಗುತ್ತಾರೆ ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮಾರ್ಗಸೂಚಿಯ ಮೇಲೆ ನನಗೆ ಮುನಿಸಿಲ್ಲ. ಜ್ವರ ಎಂದವರಿಗೆಲ್ಲ ರಕ್ತ ನೋಡದೆ ಕ್ಲೋರೋಕ್ವಿನ್ ನುಂಗಿಸುತ್ತಿದ್ದ ಕಾಲವನ್ನು ಮುಗಿಸಿದ್ದು ಅದೇ. ನನ್ನ ತಕರಾರು 'ಪಾಲನೆ'ಯನ್ನು ನಾವು ಅಳೆಯುವ ಮೊಳಕೋಲಿನ ಬಗ್ಗೆ.

ವೈವಾಕ್ಸ್ ಮಲೇರಿಯಾ ಬಂದ ವಯಸ್ಕರಿಗೆ ಕ್ಲೋರೋಕ್ವಿನ್ ಮೂರು ದಿನ, 4, 4, 2 ಮಾತ್ರೆ. ಜೊತೆಗೆ ಪ್ರೈಮಾಕ್ವಿನ್ 14 ದಿನ. ಜ್ವರ ಸಾಮಾನ್ಯವಾಗಿ ಮೊದಲ ಮೂರ್ನಾಲ್ಕು ದಿನದಲ್ಲೇ ಬಿಡುತ್ತದೆ, ಯಕೃತ್ತಿನಲ್ಲಿ ಮಲಗಿದ ರೋಗಾಣು ಬಿಡುವುದಿಲ್ಲ. 14 ದಿನದ ಮಾತ್ರೆ ಅದಕ್ಕಾಗಿಯೇ. ಈಗ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದಂಥ ಹೆದ್ದಾರಿ ಊರನ್ನು ನೆನೆಯಿರಿ. ಸುತ್ತ ಕಲ್ಲು ಕ್ವಾರಿ, ಕೂಲಿಗೆ ಎಲ್ಲೆಲ್ಲಿಂದಲೋ ಬಂದವರು. ವೈದ್ಯರು ಬರೆದ ಚೀಟಿಯಲ್ಲಿ ಒಂದಕ್ಷರ ತಪ್ಪಿಲ್ಲ. ಪರಿಶೀಲನೆಯಲ್ಲಿ ನೂರಕ್ಕೆ ನೂರು. ಆರನೇ ದಿನ ರೋಗಿ ಬಾಗೇಪಲ್ಲಿ ದಾಟಿ ಹೋಗಿದ್ದರೆ ಆ ನೂರು ಅಂಕ ಯಾರಿಗೆ ಸೇರಬೇಕು?

ಅರಿವಿನ ಕೊರತೆ ಎನ್ನುವವರು ಕೀನ್ಯಾದ ಪ್ರಯೋಗವೊಂದನ್ನು ಓದಬೇಕು. 2011ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದದ್ದು. ಹಳ್ಳಿಗಾಡಿನ ಆರೋಗ್ಯ ಸಿಬ್ಬಂದಿಯ ಮೊಬೈಲಿಗೆ ಆರು ತಿಂಗಳು ಮಾರ್ಗಸೂಚಿಯ ಸಾಲುಗಳನ್ನೇ ಸಂದೇಶವಾಗಿ ಕಳಿಸಿದರು. ಮಕ್ಕಳಿಗೆ ಸರಿಯಾದ ಚಿಕಿತ್ಸೆ ಕೊಡುವ ಪ್ರಮಾಣ ಸುಮಾರು 24 ಶೇಕಡಾಂಶ ಏರಿತು. ಇದ್ದದ್ದನ್ನೇ ನೆನಪಿಸಿದ್ದಕ್ಕೆ ಇಷ್ಟು ಫಲ! ಆದರೂ ಆ ಪ್ರಯೋಗ ಅಳೆದದ್ದು ಆಸ್ಪತ್ರೆಯ ಬಾಗಿಲೊಳಗೆ ನಡೆದದ್ದನ್ನು ಮಾತ್ರ.

ಪಾಲಿಸದವರನ್ನೆಲ್ಲ ತಿಳಿಗೇಡಿಗಳೆಂದುಕೊಳ್ಳುವ ಚಟಕ್ಕೆ ನಮ್ಮ ಸೀಮೆಯಲ್ಲೇ ಉತ್ತರವಿದೆ. ಚಿಕ್ಕಬಳ್ಳಾಪುರ 2007ರವರೆಗೂ ಕೋಲಾರ ಜಿಲ್ಲೆಯೊಳಗೇ ಇತ್ತು. ಆಗ ಆ ಜಿಲ್ಲೆಯಲ್ಲಿ ರೇಷ್ಮೆ ಸಾಕುವ ಮನೆಗಳು ಮಲೇರಿಯಾ ತಡೆಯ ಕೀಟನಾಶಕ ಸಿಂಪಡಣೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕಡತದ ಭಾಷೆಯಲ್ಲಿ ಅದು 'ಅಸಹಕಾರ'. ಹುಳು ಸತ್ತರೆ ಆ ಬೆಳೆಯೇ ಹೋಯಿತೆಂಬುದು ಶಿಡ್ಲಘಟ್ಟದ ಮಗುವಿಗೂ ಗೊತ್ತು. 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಇದೇ ಕೋಲಾರ ಸೀಮೆಯ ಹಳ್ಳಿಗಳ ಬಾವಿ, ಕುಂಟೆಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ, ಗಂಬೂಸಿಯಾ ಮೀನು ಬಿಟ್ಟರು. ಅಲ್ಲಿ ಮಲೇರಿಯಾ ತಗ್ಗಿತು. ಬೇಡ ಎಂದವರ ಕಾರಣವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ ಸಿಕ್ಕ ದಾರಿ ಅದು.

ಹಾಗಾದರೆ ವೈದ್ಯರು ತೋಚಿದ್ದನ್ನು ಬರೆಯಲಿ ಎನ್ನುತ್ತೀರಾ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬಸುರಿಗೆ ಕೊಡುವಂತಿಲ್ಲ. 14 ದಿನವೂ ಮೇಲ್ವಿಚಾರಣೆಯಲ್ಲಿ ಕೊಡಿ ಎಂದು ಮಾರ್ಗಸೂಚಿಯೇ ಹೇಳುವುದು ಸುಮ್ಮನಲ್ಲ. ಆ ಮೇಲ್ವಿಚಾರಣೆ ಬಂದು ಬೀಳುವುದು ಆಶಾ ಕಾರ್ಯಕರ್ತೆಯ ಹೆಗಲಿಗೆ. ಲಸಿಕೆ, ಬಾಣಂತಿ, ಡೆಂಗಿ ಸಮೀಕ್ಷೆ ಎಲ್ಲ ಮುಗಿಸಿ, ಗೌರವಧನದ ಮೇಲೆ ಬದುಕುವ ಆಕೆ ಕ್ವಾರಿಯ ಶೆಡ್ಡಿಗೆ ದಿನಾ ನಡೆದು ಹೋಗಬೇಕು. ಮಾರ್ಗಸೂಚಿಯ ಅತಿ ಕಷ್ಟದ ಸಾಲನ್ನು ಅತಿ ಕಡಿಮೆ ಸಂಬಳದವರಿಗೆ ಒಪ್ಪಿಸಿ, ತಪ್ಪಿದಾಗ 'ಸಿಬ್ಬಂದಿಯ ನಿರ್ಲಕ್ಷ್ಯ' ಎಂದು ಬರೆಯುವುದು ನನ್ನ ಮಟ್ಟಿಗೆ ವಿಶ್ಲೇಷಣೆಯಲ್ಲ, ನುಣುಚಿಕೊಳ್ಳುವಿಕೆ.

2030ಕ್ಕೆ ಮಲೇರಿಯಾ ಇಲ್ಲದ ದೇಶ ಎಂದು 2016ರ ರಾಷ್ಟ್ರೀಯ ಚೌಕಟ್ಟು ಗುರಿ ಇಟ್ಟಿದೆ. ತಪಾಸಣೆಗೆ ಬರುವ ಅಧಿಕಾರಿಗಳಲ್ಲಿ ನನ್ನದೊಂದೇ ಕೋರಿಕೆ: ಔಷಧಿ ಚೀಟಿಗಳನ್ನು ಆಮೇಲೆ ನೋಡಿ, ಮೊದಲು 14ನೇ ದಿನದ ಮಾತ್ರೆ ನುಂಗಿದವರ ಪಟ್ಟಿ ಕೇಳಿ.