ಹಾಡಿನ ಮತ ಯಾವುದು?

ಮೀಲಾದ್ ಸಭೆಗಳಲ್ಲಿ ಹಿಂದಿ ಸಿನಿಮಾ ಧಾಟಿಯಲ್ಲಿ ನಾತ್ ಹಾಡುವುದನ್ನು ನಾವೆಲ್ಲ ಕೇಳಿದ್ದೇವೆ. ಮುಂದಿನ ಸಾಲಿನ ಹಿರಿಯರು ಹುಬ್ಬು ಗಂಟಿಕ್ಕುವುದನ್ನೂ, ಹಿಂದಿನ ಸಾಲಿನ ಹುಡುಗರು ತಲೆದೂಗುವುದನ್ನೂ ಕಂಡಿದ್ದೇವೆ. ಒಂದು ಹಾಡು ಯಾವ ಧರ್ಮದ್ದೆಂದು ತೀರ್ಮಾನಿಸುವುದು ಯಾವುದರಿಂದ? ಮಾತಿನಿಂದಲೋ, ಧಾಟಿಯಿಂದಲೋ, ಹಾಡುವವರಿಂದಲೋ? ಈ ಜಗಳ ನಮ್ಮದು ಮಾತ್ರವಲ್ಲ, ಕ್ರೈಸ್ತರದ್ದೂ ಹೌದು.

ಅಮೆರಿಕದಲ್ಲಿ ಕ್ರೈಸ್ತ ಸಂಗೀತವೆಂಬುದೇ ಒಂದು ದೊಡ್ಡ ಉದ್ಯಮ. ಅಲ್ಲಿನ ಗಾಸ್ಪೆಲ್ ಮ್ಯೂಸಿಕ್ ಅಸೋಸಿಯೇಷನ್ 'ಡವ್' ಪ್ರಶಸ್ತಿಗಳನ್ನು ಕೊಡುತ್ತದೆ. 1998ರಲ್ಲಿ ಅದು ಒಂದು ವ್ಯಾಖ್ಯೆ ಮಾಡಿತು. ಸಂಗೀತದ ಶೈಲಿ ಯಾವುದಾದರೂ ಸರಿ, ಸಾಹಿತ್ಯ ಮಾತ್ರ ಬೈಬಲಿನ ಸತ್ಯವನ್ನೋ, ದೇವರ ಸ್ತುತಿಯನ್ನೋ, ಕ್ರಿಸ್ತನೊಂದಿಗಿನ ಸಂಬಂಧವನ್ನೋ ಹೇಳಬೇಕು, ಇಲ್ಲವೇ ಕ್ರೈಸ್ತ ಜೀವನದೃಷ್ಟಿಯಿಂದ ಪ್ರೇರಿತವಾಗಿರಬೇಕು. ಮರುವರ್ಷ ಈ ಜರಡಿಯಲ್ಲಿ ಹಲವು ಹಾಡುಗಳು ಉದುರಿದವು. ಮೈಕಲ್ ಡಬ್ಲ್ಯು. ಸ್ಮಿತ್‌ರ 'ಲವ್ ಮೀ ಗುಡ್' ಅವುಗಳಲ್ಲೊಂದು. ಗಾಯಕರು ಭಕ್ತಿಗೀತೆಗಳಿಂದಲೇ ಹೆಸರಾದವರು, ಹಾಡು ಮಾತ್ರ ಪ್ರೀತಿಯದ್ದು.

ಇದೇ ಅಳತೆಗೋಲನ್ನು ಬೈಬಲಿಗೆ ಹಿಡಿದರೆ? ಅದರೊಳಗಿನ 'ಪರಮಗೀತೆ' ಪ್ರೇಮಿಗಳ ಮಾತು. ಎಸ್ತೇರಳ ಗ್ರಂಥದ ಹೀಬ್ರೂ ಮೂಲದಲ್ಲಿ ದೇವರ ಹೆಸರೇ ಬರುವುದಿಲ್ಲ. ಮಾತಿನ ಪರೀಕ್ಷೆ ಇಲ್ಲಿಗೇ ಸೋಲುತ್ತದೆ.

ಧಾಟಿಯ ಪರೀಕ್ಷೆಯೂ ಅಷ್ಟೇ. ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯೊಂದರ ಧಾಟಿ ಮುಂದೆ ಯೇಸುವಿನ ಶಿಲುಬೆಯ ನೋವನ್ನು ಹಾಡುವ ಸ್ತೋತ್ರಕ್ಕೆ ಒದಗಿತು. ಬಾಖ್ ಅದನ್ನು ತಮ್ಮ ಮಹಾಕೃತಿಯಲ್ಲಿ ಮತ್ತೆ ಮತ್ತೆ ಬಳಸಿದರು. ನಮ್ಮಲ್ಲಿ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಇಂಗ್ಲೆಂಡಿನ ದೊರೆಯನ್ನು ದೇವರು ಕಾಪಾಡಲೆಂಬ ಗೀತೆಯ ಧಾಟಿ ಹೀಗೆ 'ಸಂತತಂ ಪಾಹಿಮಾಂ' ಆಯಿತು. ಇನ್ನು ಹಾಡುವವರ ಮಾತು. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಯೇಸುದಾಸರ ಕಂಠದ 'ಹರಿವರಾಸನಂ' ಶಬರಿಮಲೆಯಲ್ಲಿ ಮೊಳಗುವಾಗ ಯಾವ ಭಕ್ತ ಅದು ಅಯ್ಯಪ್ಪನದಲ್ಲ ಎಂದಾನು?

ಅಮೆರಿಕದಲ್ಲಿ ಇದು ಬಹುಮಾನದ ಪ್ರಶ್ನೆಯಾಗಿತ್ತು. ನಮ್ಮ ನೆರೆಯಲ್ಲಿ ಭಯದ ಪ್ರಶ್ನೆಯಾಯಿತು. 2018ರ ಆಗಸ್ಟಿನಲ್ಲಿ ಕರ್ನಾಟಕ ಸಂಗೀತದಲ್ಲಿ ಯೇಸುವನ್ನು ಹಾಡಿದ, ಹಾಡಲಿದ್ದ ಕಲಾವಿದರು ಬೈಗುಳ, ಬೆದರಿಕೆ ಎದುರಿಸಿದರು. ಓ.ಎಸ್. ಅರುಣ್ ಚೆನ್ನೈನ ಕಛೇರಿಯಿಂದ ಹಿಂದೆ ಸರಿದರು. ಟಿ.ಎಂ. ಕೃಷ್ಣ ಮಾತ್ರ ತಿಂಗಳಿಗೊಂದರಂತೆ ಯೇಸು ಅಥವಾ ಅಲ್ಲಾಹನ ಮೇಲಿನ ಹಾಡು ಹೊರತರುವುದಾಗಿ ಸಾರಿದರು. ಬೈದವರಿಗೆ ಇದು ಹೊಸ ಅತಿಕ್ರಮಣದಂತೆ ಕಂಡಿತು. ಆದರೆ 1864ರಲ್ಲಿ ತೀರಿಕೊಂಡ ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಆಗಲೇ ಕ್ರಿಸ್ತನನ್ನು ಈ ರಾಗಗಳಲ್ಲಿ ಹಾಡಿದ್ದರು. ನಮ್ಮ ಕಿಟೆಲ್ 1862ರಷ್ಟು ಹಿಂದೆಯೇ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಹಾಡುಗಬ್ಬವಾಗಿಸಿದ್ದರು.

ಬೈದವರ ಒಂದು ಆಕ್ಷೇಪವನ್ನು ಮಾತ್ರ ನಾವು ತಳ್ಳಿಹಾಕಲಾರೆವು. ತ್ಯಾಗರಾಜರ ಕೀರ್ತನೆಯಲ್ಲಿ ರಾಮನನ್ನು ತೆಗೆದು ಯೇಸುವನ್ನು ಕೂರಿಸಿದ್ದಾರೆಂಬ ದೂರು ಅದು. ಹಾಗೆ ಯಾರೇ ಮಾಡಿದರೂ ತಪ್ಪೇ. ರಾಗ ಎಲ್ಲರದ್ದು, ಊರ ಬಾವಿಯಂತೆ. ಅಂಕಿತ ಮಾತ್ರ ಒಬ್ಬ ಭಕ್ತನ ಮನೆಯ ಕೊಡ. ಬಾವಿಯಿಂದ ಸೇದಿಕೊಳ್ಳಬಹುದು, ಇನ್ನೊಬ್ಬರ ಕೊಡವನ್ನು ಹೊತ್ತೊಯ್ಯಬಾರದು. ಹಾಗೆಂದು ಬಾವಿಗೇ ಬೀಗ ಹಾಕುವುದು ಯಾವ ನ್ಯಾಯ?

ಹಾಗಾದರೆ ಕ್ರೈಸ್ತ ಗೀತೆ ಯಾವುದು? ಯಾವ ಹಾಡನ್ನು ಹಿಡಿದು ಒಬ್ಬ ಕ್ರೈಸ್ತ ತನ್ನ ದೇವರೆದುರು ನಿಲ್ಲಬಲ್ಲನೋ ಅದು. ನಮ್ಮಲ್ಲಿ ಇದಕ್ಕೆ ನಿಯ್ಯತ್ ಎನ್ನುತ್ತಾರೆ. ಬಹುಮಾನ ಕೊಡುವವರಿಗೆ ಒಂದು ಗೆರೆ ಬೇಕಾಗಬಹುದು, ಎಳೆದುಕೊಳ್ಳಲಿ. ಆದರೆ ನಿಯ್ಯತ್ತನ್ನು ತೂಗುವ ತಕ್ಕಡಿ ಯಾವ ಸಮಿತಿಯ ಬಳಿಯೂ ಇಲ್ಲ, ಕಛೇರಿಯ ಬಾಗಿಲಲ್ಲಿ ನಿಂತು ಕೂಗುವವರ ಬಳಿಯಂತೂ ಇಲ್ಲವೇ ಇಲ್ಲ. ಮೀಲಾದ್ ಸಭೆಯಲ್ಲಿ ಹುಬ್ಬು ಗಂಟಿಕ್ಕುವ ಮುನ್ನ ನಾವೂ ಇದನ್ನು ನೆನೆಯುವುದು ಒಳಿತು.