ಹೆಸರು ತಪ್ಪಿದ ದ್ರಾಕ್ಷಿ

ಜ್ಯಾನ್ಸಿಸ್ ರಾಬಿನ್ಸನ್ ಇನ್ನಿಬ್ಬರೊಡನೆ 2012ರಲ್ಲಿ ಹೊರತಂದ ‘ವೈನ್ ಗ್ರೇಪ್ಸ್’ ಗ್ರಂಥದಲ್ಲಿ 1,368 ದ್ರಾಕ್ಷಿ ತಳಿಗಳಿವೆ. ಇಷ್ಟುದ್ದದ ಪಟ್ಟಿ ಯಾರಿಗೆ ಬೇಕೆಂದು ಮೂಗು ಮುರಿಯುತ್ತಲೇ ಪುಟ ತಿರುವಿದೆ. ನನ್ನ ಆ ಉಡಾಫೆ ‘ಕಾರ್ಮನೇರ್’ ಎಂಬಲ್ಲಿಗೆ ಬಂದು ನಿಂತಿತು.

ಫ್ರಾನ್ಸಿನ ಬೋರ್ಡೊ ಸೀಮೆಯ ಈ ತಳಿ, ಹತ್ತೊಂಬತ್ತನೆಯ ಶತಮಾನದ ಫಿಲಾಕ್ಸೆರಾ ಕೀಟದ ಹಾವಳಿಯ ನಂತರ ಅಲ್ಲಿ ಬಹುಮಟ್ಟಿಗೆ ಕಣ್ಮರೆಯಾಯಿತು. ಅದಕ್ಕೂ ಮೊದಲೇ ಚಿಲಿಗೆ ಹೋಗಿದ್ದ ಬಳ್ಳಿಗಳು ಮಾತ್ರ ‘ಮೆರ್ಲೊ’ ಎಂಬ ಪರರ ಹೆಸರಿನಲ್ಲಿ ಬದುಕಿದ್ದವು. 1994ರಲ್ಲಿ ಫ್ರೆಂಚ್ ತಜ್ಞ ಜಾನ್ ಮಿಶೆಲ್ ಬೂರ್ಸಿಕೊ ಅವುಗಳನ್ನು ಗುರುತಿಸಿದರು. ಹೆಸರಿನಲ್ಲೇನಿದೆ ಎನ್ನುವಂತಿಲ್ಲ. ಕಾರ್ಮನೇರ್ ಮೆರ್ಲೊಗಿಂತ ವಾರಗಟ್ಟಲೆ ತಡವಾಗಿ ಹಣ್ಣಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಯ್ದರೆ ವೈನಿಗೆ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ. ಹೆಸರು ತಿಳಿದ ಮೇಲೆ ಕಾದು ಕೊಯ್ಯತೊಡಗಿದರು. ತಪ್ಪು ದ್ರಾಕ್ಷಿಯದಾಗಿರಲಿಲ್ಲ.

ವೈನ್ ಬರಹಗಳ ಬಗೆಗಿನ ನನ್ನ ತಕರಾರು ಹಾಗೆಯೇ ಉಳಿದಿದೆ. ಅವರು ರುಚಿಗೆ ಹೋಲಿಕೆಯಾಗಿ ತರುವ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿಗಳು ಬೆಂಗಳೂರು ನೀಲಿ ದ್ರಾಕ್ಷಿ ತಿಂದು ಬೆಳೆದ ನಾಲಿಗೆಗೆ ಬರಿಯ ಶಬ್ದಗಳು. ಆದರೂ ಈ ಪಟ್ಟಿಗೆ ನಾನು ಋಣಿ. ಮೂವತ್ತು ವರ್ಷ ವಿಮರ್ಶೆ ಬರೆದವನು ನಾನು. ಎಷ್ಟು ಹೊಸ ಕವಿಗಳನ್ನು ಪರರ ಹೆಸರು ಹಚ್ಚಿ ಓದಿ, ‘ಹಸಿ’ ಎಂದು ತಳ್ಳಿಹಾಕಿದ್ದೇನೋ!